ಮೊದಲ ಲೋಟ

ಜನವರಿ 8

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ದೊಡ್ಡ ಪಾತ್ರೆಯೇ, ಒರಳೇ, ಒನಕೆಯೇ, ಮುಂದಿನ ಸಾಲಿನಲ್ಲಿ ಆಸೀನರಾಗಿರುವ ಖಾಲಿ ಸೀಸೆಗಳೇ, ಹಿಂದೆ ನಿಂತು ಗುಸುಗುಸು ಮಾಡುತ್ತಿರುವ ಬೇರು ತೊಗಟೆಗಳ ಡಬ್ಬಿಗಳೇ,

ಆರು ವರ್ಷಗಳ ದೀರ್ಘ ಮೌನದ ನಂತರ ಈ ಮಹಾಸಭೆಯನ್ನು ಉದ್ದೇಶಿಸಿ ಎರಡು ಮಾತಾಡಲು ನನಗೆ ಅವಕಾಶ ಸಿಕ್ಕಿದೆ. ಸಿಕ್ಕಿದೆ ಎಂದರೆ ನಾನೇ ತೆಗೆದುಕೊಂಡಿದ್ದೇನೆ. ಅಧ್ಯಕ್ಷ ಪೀಠದಲ್ಲಿರುವ ನನ್ನ ಅಕ್ಕ, ಅಪ್ಪ ತೀರಿಕೊಂಡ ವಾರ ಫೋನಿನಲ್ಲಿ, "ಇನ್ನು ನಿನ್ನ ದನಿ ನನ್ನ ಕಿವಿಗೆ ಬೀಳಬಾರದು" ಎಂದು ಅಪ್ಪಣೆ ಮಾಡಿದ್ದರು. ದನಿ ಎಂದರು, ಕೈಬರಹ ಎನ್ನಲಿಲ್ಲ. ಈ ಸಂದಿಯಲ್ಲಿ ನುಸುಳಲು ನನಗೆ ಆರು ವರ್ಷ ಹಿಡಿಯಿತು. ಅಷ್ಟು ದಪ್ಪಗಾಗಿದ್ದೇನೆ.

ಅಧ್ಯಕ್ಷರ ಸೌಖ್ಯ ಕೇಳುವ ಹಕ್ಕು ನನಗಿಲ್ಲ. ಆದ್ದರಿಂದ ಪಾತ್ರೆಯನ್ನು ಕೇಳುತ್ತಿದ್ದೇನೆ: ಪಾತ್ರೆಮ್ಮ, ಸೌಖ್ಯವೇ?

ವಿಷಯಕ್ಕೆ ಬರುತ್ತೇನೆ ಅಕ್ಕ. ಗಿಡಮೂಲಿಕೆಯಿಂದ ಮಾಡಿ ಮಾರುವ ಎಲ್ಲ ಔಷಧಿಗೂ ಈ ಜುಲೈ ಒಳಗೆ ಸುರಕ್ಷತೆಯ ಪರೀಕ್ಷೆ ಆಗಬೇಕು, ಆಗದಿದ್ದರೆ ಅಂಗಡಿ ಮುಚ್ಚಬೇಕು ಎಂಬ ಹೊಸ ಆದೇಶ ಬಂದಿದೆಯಲ್ಲ, ಅದರ ನೋಟೀಸು ನಿನಗೂ ತಲುಪಿರುತ್ತದೆ. ನೀನು ಅದನ್ನು ಯಾವುದೋ ಡಬ್ಬಿಯ ಬಾಯಿಗೆ ಸುತ್ತಿರುತ್ತೀ. ದಯವಿಟ್ಟು ಬಿಚ್ಚಿ ಓದು. ಆ ಪರೀಕ್ಷೆ ಮಾಡುವ ಪ್ರಯೋಗಾಲಯಗಳಲ್ಲಿ ನಮ್ಮದೂ ಒಂದು. ಹತ್ತೊಂಬತ್ತು ವರ್ಷದಿಂದ ನಾನು ಮಾಡುತ್ತಿರುವುದು ಇದೇ: ಸೊಪ್ಪು, ಬೇರು, ತೊಗಟೆಗಳ ಸಾರ ತೆಗೆದು, ಅದು ಗುಣ ಮಾಡುತ್ತದೆಯೇ ಎಂದಲ್ಲ, ಕೆಡುಕು ಮಾಡುತ್ತದೆಯೇ ಎಂದು ನೋಡುವುದು. ಅಪ್ಪ ಕೇಳುತ್ತಿದ್ದರಲ್ಲ, "ಬೇರೆಯವರು ಒಳ್ಳೇದು ಹುಡುಕಿ ಸಂಬಳ ತಗೋತಾರೆ, ನೀನು ಕೆಟ್ಟದ್ದು ಹುಡುಕಿ ತಗೋತೀಯೇನೋ?"

ಕೆಮ್ಮಿನ ಕಷಾಯದ ಮೂರು ಸೀಸೆ ಕಳಿಸು. ಅಂಗಡಿ ನಡೆಯುತ್ತಿರುವುದೇ ಅದರ ಮೇಲೆ. ಏಳನೇ ತರಗತಿಯಲ್ಲಿ ನಾನು ಕಟ್ಟಿದ ಪದ್ಯ ಇನ್ನೂ ಬಾಗಿಲ ಮೇಲಿದೆಯೇ?

ಕಹಿಯ ಕುಡಿದವ ಕಾಯಿಲೆ ಗೆದ್ದ,
ಸಿಹಿಯ ಕುಡಿದವ ಹಾಸಿಗೆಗೆ ಬಿದ್ದ.

ಸ್ವಾಗತ ಭಾಷಣ ಮುಗಿಯಿತು. ಚಪ್ಪಾಳೆಗೆ ಸಮಯ ಕೊಡುತ್ತೇನೆ.

ನಿನ್ನ ತಮ್ಮ


ಜನವರಿ 27

ಪ್ರಾಸರಾಯನಿಗೆ,

ನಿನ್ನ ಭಾಷಣ ಅಂಚೆಯಲ್ಲಿ ಬಂತು. ಚಪ್ಪಾಳೆ ಬೀಳಲಿಲ್ಲ. ನನ್ನ ಒಂದು ಕೈಯಲ್ಲಿ ಸೌಟು ಇತ್ತು. ಒಂದೇ ಕೈಯಲ್ಲಿ ಚಪ್ಪಾಳೆ ಹೊಡೆಯುವುದನ್ನು ನಿಮ್ಮ ಕಡೆ ಕಂಡುಹಿಡಿದಿದ್ದರೆ ತಿಳಿಸು.

ನೋಟೀಸನ್ನು ಡಬ್ಬಿಗೆ ಸುತ್ತಿಲ್ಲ. ಕಿಟಕಿಯ ಒಡೆದ ಗಾಜಿಗೆ ಅಂಟಿಸಿದ್ದೇನೆ. ಓದಿದ ಹಾಗೂ ಆಯಿತು, ಗಾಳಿ ತಡೆದ ಹಾಗೂ ಆಯಿತು. ಪಕ್ಕದ ದರ್ಜಿಯಮ್ಮ ದಿನಾ ಬಂದು ಓದಿ, "ಮುಚ್ಚಿಬಿಡ್ತಾರಾ?" ಎಂದು ಕೇಳಿ, ಕೆಮ್ಮಿ ಹೋಗುತ್ತಾಳೆ. ಅವಳ ಹೊಲಿಗೆ ಯಂತ್ರಕ್ಕಿಂತ ಅವಳ ಕೆಮ್ಮು ಜೋರು. ಚಳಿಗಾಲದಲ್ಲಿ ಅವಳು ಮಲಗಿ ನಿದ್ದೆ ಮಾಡುವುದು ಈ ಕಷಾಯದಿಂದ. ಇಂಥವರು ನನ್ನ ಹತ್ತಿರ ನೂರಾರು ಜನ ಇದ್ದಾರೆ. ಅಪ್ಪ ಕಟ್ಟಿದ ಅಂಗಡಿ ಒಂದು ಕಾಗದ ಇಲ್ಲವೆಂದು ಮುಚ್ಚಬಾರದು. ಅದೊಂದಕ್ಕೇ ಈ ಉತ್ತರ.

ಮೂರು ಸೀಸೆ ಕಳಿಸಿದ್ದೇನೆ. ನಿನ್ನ ಹೆಸರಿಗಲ್ಲ, ನಿಮ್ಮ ಮುಖ್ಯಸ್ಥರ ಹೆಸರಿಗೆ.

ಇನ್ನೊಂದು ಮಾತು. ಆಸ್ಪತ್ರೆಯ ಕಾಗದ ಇನ್ನೂ ನನ್ನ ಹತ್ತಿರ ಇದೆ. "ದೀರ್ಘಕಾಲದ ಮದ್ಯಪಾನದಿಂದ ಲಿವರ್ ಹಾಳಾಗಿದೆ" ಎಂದು ಡಾಕ್ಟರು ಬರೆದದ್ದು. ಮನೆಗೆ ಬಂದು ಅಪ್ಪ ಅದನ್ನು ನನ್ನ ಕೈಯಲ್ಲಿ ಓದಿಸಿಕೊಂಡರು. "ಸರಿ, ಇನ್ನು ಮೇಲೆ ಬಿಟ್ಟುಬಿಡ್ತೀನಿ. ಆದ್ರೆ ಬಿಡೋಕ್ಕೆ ಮುಂಚೆ ಶುರು ಮಾಡ್ಬೇಕಲ್ಲಮ್ಮ" ಎಂದು ನಕ್ಕರು. ಆಮೇಲೆ ಎರಡು ವರ್ಷ ಬದುಕಿದ್ದರು. ಆ ಎರಡು ವರ್ಷ ಈ ಬೀದಿಯಲ್ಲಿ ಅವರು ನೆಲ ನೋಡಿಕೊಂಡೇ ನಡೆದರು. ಜನಕ್ಕೆ ಹೇಗೋ ಗೊತ್ತಾಗಿತ್ತು. ನೀನು ಆಗ ಏನಂದೆ? "ಡಾಕ್ಟ್ರು ಸುಮ್ಮನೆ ಬರೀತಾರಾ ಅಕ್ಕ?" ಅಪ್ಪ ತೀರಿಕೊಂಡ ವಾರವೂ ಅದನ್ನೇ ಅಂದೆ. ದನಿ ಬೇಡ ಎಂದದ್ದು ಅದಕ್ಕೆ.

ಪದ್ಯ ಬಾಗಿಲ ಮೇಲೇ ಇದೆ. "ಹಾಸಿಗೆ"ಯ ಹಾ ಅಳಿಸಿಹೋಗಿದೆ.

ಅಕ್ಕ


ಫೆಬ್ರವರಿ 10

ಅಕ್ಕ,

ಸೀಸೆಗಳು ಕ್ಷೇಮವಾಗಿ ಬಂದವು. ಇಲ್ಲಿಗೆ ಬಂದ ಯಾರಿಗೂ ಹೆಸರು ಇರುವುದಿಲ್ಲ, ನಂಬರು ಇರುತ್ತದೆ. ಅಪ್ಪನ ಕಷಾಯ ಈಗ ಇನ್ನೂರ ಹನ್ನೆರಡು.

ಮೊದಲ ದಿನವೇ ನಮ್ಮ ಮುಖ್ಯಸ್ಥೆಗೆ, ನಾವೆಲ್ಲ ದೊಡ್ಡಮೇಡಂ ಎನ್ನುವವರಿಗೆ, "ಇದು ನಮ್ಮ ಅಕ್ಕನದು" ಎಂದು ಹೇಳಿಬಿಟ್ಟೆ. ಅವರು ಕನ್ನಡಕ ಇಳಿಸಿ, "ಹಾಗಾದ್ರೆ ನೀವು ಇದರ ಹತ್ರ ಸುಳಿಯೋ ಹಾಗಿಲ್ಲ" ಎಂದರು. ಪರೀಕ್ಷೆ ಮೀನಮ್ಮನ ಪಾಲಿಗೆ ಹೋಯಿತು. ಅವರ ಹೆಸರು ಅದಲ್ಲ. ಸಾವಿರದ ಇನ್ನೂರು ಮೀನು ಸಾಕುವವರನ್ನು ಬೇರೆ ಏನೆಂದು ಕರೆಯುವುದು? ಉಗುರಿನುದ್ದದ ಪಟ್ಟೆ ಮೀನುಗಳು. ಕೋಣೆಯ ದೀಪ ಬೆಳಗ್ಗೆ ತಾನಾಗಿಯೇ ಹತ್ತಿದ ಕೂಡಲೇ ಮೊಟ್ಟೆ ಇಡುತ್ತವೆ. ನಮ್ಮ ಕಚೇರಿಯಲ್ಲಿ ಸಮಯಕ್ಕೆ ಸರಿಯಾಗಿ ಕೆಲಸ ಶುರು ಮಾಡುವವರು ಈ ಮೀನುಗಳೇ. ಮರಿಗಳು ಐದು ದಿನದವರೆಗೂ ಗಾಜಿನ ಹಾಗೆ ಪಾರದರ್ಶಕ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಹೃದಯ ಬಡಿಯುವುದು, ರಕ್ತ ಓಡುವುದು, ಎಲ್ಲ ಕಾಣುತ್ತದೆ. ಶಾಲೆಯಲ್ಲಿ ನಾವು ಪಿತ್ತಜನಕಾಂಗ ಎಂದು ಉರು ಹೊಡೆದ ಲಿವರ್ ಕೂಡ ಕಾಣುತ್ತದೆ. ಹೊಟ್ಟೆಯೊಳಗೆ ಏನೂ ಮುಚ್ಚಿಡದ ಪ್ರಾಣಿ ನಾನು ಕಂಡದ್ದು ಇದೊಂದೇ.

ತೊಂಬತ್ತಾರು ಗುಳಿಗಳ ತಟ್ಟೆ, ಗುಳಿಗೊಂದು ಮರಿ. ಒಂದೊಂದು ಗುಳಿಗೂ ಗಿರಾಕಿ ಕುಡಿಯುವ ಲೆಕ್ಕಕ್ಕೆ ಸರಿಯಾಗಿ ತೆಳು ಮಾಡಿದ ಕಷಾಯ. ಮೊದಲ ಸೀಸೆಯ ಮುಚ್ಚಳ ತೆಗೆದಾಗ ಮೀನಮ್ಮ ಮೂಗು ಹಿಡಿದುಕೊಂಡು, "ಅಯ್ಯೋ ರಾಮ, ಇದನ್ನ ಮನುಷ್ಯರು ಕುಡೀತಾರಾ?" ಎಂದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಮೂಗು ಹಿಡಿದುಕೊಳ್ಳಲಿಲ್ಲ.

ಹಾಕಿದ ಹನಿಗೆ ಮೀನು ಮಣಿಯಲಿಲ್ಲ,
ನೋಡಿದ ನನಗೆ ನಿದ್ದೆ ಸುಳಿಯಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿ ಇದೆ. ಮರಿಗಳು ನೆಟ್ಟಗೆ ಈಜುತ್ತಿವೆ. ಮುಂದಿನದು ಇಲಿಗಳ ಮೇಲೆ. ಅದಕ್ಕೆ ಮುಂಚೆ ಒಂದು ನಮೂನೆ ತುಂಬಬೇಕು. ಇದರ ಜೊತೆಗಿದೆ. ಬೇರು ಮನೆಗೆ ಬಂದಲ್ಲಿಂದ ಸೀಸೆಗೆ ಮುಚ್ಚಳ ಬೀಳುವವರೆಗೆ ಏನೇನು ಮಾಡುತ್ತೀ, ಒಂದೂ ಬಿಡದೆ ಬರೆ. ನಾನು ಹಾಸ್ಟೆಲಿಗೆ ಹೋದಮೇಲೆ ಆ ಹಿಂದಿನ ಕೋಣೆಗೆ ಕಾಲಿಟ್ಟವನೇ ಅಲ್ಲ. ಅದಕ್ಕೆ ಮುಂಚೆಯೂ ಅಪ್ಪ ಬಿಡುತ್ತಿರಲಿಲ್ಲ.

ನಿನ್ನ ತಮ್ಮ


ಫೆಬ್ರವರಿ 26

ಪ್ರಾಸರಾಯ,

ನಿನ್ನ ನಮೂನೆಯಲ್ಲಿ ಕಾಲಂಗಳು ಇರುವೆ ಸಾಲಿನಂತಿವೆ. ನನ್ನ ಅಕ್ಷರ ಅದರಲ್ಲಿ ಹಿಡಿಯುವುದಿಲ್ಲ. ಇಲ್ಲೇ ಬರೆಯುತ್ತೇನೆ, ನೀನು ತುಂಬಿಕೋ.

ಬೇರು, ತೊಗಟೆ, ಕಾಳುಮೆಣಸು, ಒರಟೆಲೆ. ನಾಲ್ಕೇ. ಬೇರನ್ನು ನೀರಿನಲ್ಲಿ ಉಜ್ಜಿ ಮಣ್ಣು ಬಿಡಿಸಬೇಕು. ತೊಗಟೆಯನ್ನು ಜಜ್ಜಬೇಕು, ಪುಡಿ ಮಾಡಬಾರದು. ಪುಡಿ ಮಾಡಿದರೆ ಬಟ್ಟೆಯಲ್ಲಿ ಸೋಸುವಾಗ ಇಳಿದುಬಿಡುತ್ತದೆ. ಎರಡನ್ನೂ ಒಂದು ದಿನ ನೆನೆಸಿಟ್ಟು ಮಾರನೆಯ ಬೆಳಗ್ಗೆ ಒಲೆಗೆ. ಎಂಟು ಪಾಲು ನೀರು ಎರಡು ಪಾಲಿಗೆ ಇಳಿಯಬೇಕು. ಉರಿ ಜೋರಾಗಬಾರದು. ಅಪ್ಪ ಹೇಳುತ್ತಿದ್ದರು, "ಕಷಾಯ ಕುದೀಬೇಕು, ಕುಣೀಬಾರದು." ಕೊನೆಗೆ ಮೆಣಸು. ಒಲೆಯಿಂದ ಇಳಿಸುವಾಗ ಒರಟೆಲೆ. ಅದೇ ಆ ನೀಲಿ ಹೂವಿನ ಗಿಡ, ಮುಟ್ಟಿದರೆ ಬೆಕ್ಕಿನ ನಾಲಿಗೆ ಹಾಗಿರುತ್ತದಲ್ಲ, ಅದರ ಎಲೆ. ಅದು ಬಿದ್ದ ಮೇಲೆಯೇ ಬಣ್ಣ ಕಟ್ಟುವುದು, ಗಂಟಲಿಗೆ ನುಣುಪಾಗುವುದು. ಆರಿದ ಮೇಲೆ ಸೋಸಿ ಸೀಸೆಗೆ. ಗಿರಾಕಿಗೆ ಒಂದು ಸೀಸೆ, ಒಂದು ವಾರಕ್ಕೆ. ಎರಡೆರಡು ಚಮಚ, ದಿನಕ್ಕೆ ಮೂರು ಸಲ. ಅಷ್ಟರಲ್ಲಿ ಕೆಮ್ಮು ಹೋಗಿರುತ್ತದೆ. ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ ಎನ್ನುತ್ತೇನೆ, ಅಪ್ಪನೂ ಹಾಗೇ ಎನ್ನುತ್ತಿದ್ದರು.

ಕೊನೆಯಲ್ಲಿ "ಸುರಕ್ಷತೆಗಾಗಿ ತಯಾರಕರು ಕೈಗೊಂಡ ಕ್ರಮ" ಎಂದು ಒಂದು ಕಾಲಂ ಇದೆ. ಅದನ್ನು ಓದಿ ನಗು ಬಂತು. ಇದನ್ನು ಯಾರಿಗೂ ಹೇಳುವ ಹಾಗಿಲ್ಲ. ಆದರೆ ನಿಮ್ಮ ಸರ್ಕಾರ ಕೇಳಿದೆ, ಬರೆದುಕೋ: ಮೊದಲ ಲೋಟ ಮಾಡಿದವರದು.

ವಾರಕ್ಕೊಂದು ಸಲ ಹೊಸ ಕಷಾಯ ಇಳಿಸಿದಾಗ ಒಂದು ಲೋಟ ತುಂಬ ತುಂಬಿಕೊಂಡು, ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಗೋಡೆಗೆ ಮುಖ ಮಾಡಿ, ಖಾಲಿ ಹೊಟ್ಟೆಯಲ್ಲಿ ಒಂದೇ ಉಸಿರಿಗೆ ಕುಡಿಯಬೇಕು. ಮಧ್ಯಾಹ್ನದವರೆಗೆ ಕಾಯಬೇಕು. ನಮಗೆ ಏನೂ ಆಗದಿದ್ದರೆ ಮಾತ್ರ ಸೀಸೆಗೆ ಹುಯ್ಯಬೇಕು. ಅಪ್ಪನಿಗೆ ಅವರ ಗುರು ಹೇಳಿಕೊಟ್ಟದ್ದಂತೆ. ಮೂವತ್ತೊಂದು ವರ್ಷ ಒಂದು ವಾರವೂ ತಪ್ಪಿಸಲಿಲ್ಲ. ಇದನ್ನೆಲ್ಲ ಕೊನೆಯಲ್ಲಿ ನನಗೆ ಹೇಳಿದಾಗ, ಬಾಗಿಲು ಯಾಕೆ ಹಾಕಬೇಕು ಎಂದು ಕೇಳಿದೆ. "ಕುಡಿಯುವಾಗ ನನ್ನ ಮುಖ ಹೇಗಾಗುತ್ತೆ ಅಂತ ಗಿರಾಕಿ ನೋಡಿದ್ರೆ ಒಬ್ಬನೂ ಕೊಳ್ಳಲ್ಲ" ಎಂದರು. ತೀರಿಕೊಳ್ಳುವ ವಾರ, ಎದ್ದು ನಿಲ್ಲಲು ಆಗದಾಗ, ಆ ಲೋಟ ನನ್ನ ಕೈಗೆ ಕೊಟ್ಟರು. ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ. ಅಂದಿನಿಂದ ನಾನು ಕುಡಿಯುತ್ತಿದ್ದೇನೆ.

ಮೀನಿಗಿಂತ ಮುಂಚೆ ಈ ಮನೆಯಲ್ಲಿ ಪರೀಕ್ಷೆ ಆಗುತ್ತದೆ ಎಂದು ನಿಮ್ಮ ದೊಡ್ಡಮೇಡಂಗೆ ಹೇಳು.

ಅಕ್ಕ


ಮಾರ್ಚ್ 2

ಅಕ್ಕ,

ನಿನ್ನ ಪತ್ರ ಇವತ್ತು ಬೆಳಗ್ಗೆ ಬಂತು. ಈಗಲೇ ಬರೆಯುತ್ತಿದ್ದೇನೆ.

ಆ ಲೋಟ ಎಷ್ಟು ಹಿಡಿಯುತ್ತದೆ? ಅಳೆದು ಬರೆ. ಅಂದಾಜು ಬೇಡ. ಯಾವ ಲೋಟ, ಸ್ಟೀಲಿನದೋ, ಆ ದಪ್ಪ ಗಾಜಿನದೋ?

ಕುಡಿದ ಮೇಲೆ ಅಪ್ಪ ಬಾಯಿ ಮುಕ್ಕಳಿಸಿ ಲವಂಗ ಹಾಕಿಕೊಳ್ಳುತ್ತಿದ್ದರೇ?

ಪರೀಕ್ಷೆಯ ಫಲಿತಾಂಶ ಬರುವವರೆಗೆ ನೀನು ಆ ಲೋಟ ಮುಟ್ಟಬೇಡ. ಕೈಮುಗಿದು ಕೇಳುತ್ತೇನೆ.

ತಮ್ಮ


ಮಾರ್ಚ್ 15

ತಮ್ಮ,

ಒಂದು ಸೀಸೆ ಕಷಾಯವನ್ನು ಲೋಟಕ್ಕೆ ಸುರಿದು ನೋಡಿದೆ. ಸರಿಯಾಗಿ ಕಂಠದವರೆಗೆ ಬಂತು. ಒಂದು ಲೋಟ, ಒಂದು ಸೀಸೆ. ಹೌದು, ದಪ್ಪ ಗಾಜಿನದೇ. ಹೌದು, ಲವಂಗ. ಡಬ್ಬಿ ಇನ್ನೂ ಅದೇ ಗೂಡಿನಲ್ಲಿದೆ. ಲವಂಗದ ವಿಷಯ ನಾನು ಬರೆದೇ ಇರಲಿಲ್ಲ. ನಿನಗೆ ಹೇಗೆ ಗೊತ್ತು?

ಲೋಟ ಮುಟ್ಟಬೇಡ ಎಂದರೆ ಹೇಗಪ್ಪ? ಲೋಟ ಮುಟ್ಟದೆ ಸೀಸೆ ಮುಟ್ಟುವ ಹಾಗಿಲ್ಲ. ನಾಳೆ ಹೊಸ ಕಷಾಯ. ದರ್ಜಿಯಮ್ಮ, ಬಸ್ ಡ್ರೈವರ್, ಆ ಬಾಣಂತಿಯ ಅತ್ತೆ, ಎಲ್ಲ ಹೇಳಿಟ್ಟಿದ್ದಾರೆ. ನಾನು ಕುಡಿಯದ್ದನ್ನು ಅವರಿಗೆ ಯಾವ ಮುಖ ಇಟ್ಟುಕೊಂಡು ಕೊಡಲಿ? ನಿನಗೆ ಮುದ್ರೆ ಒತ್ತಿದ ಕಾಗದ ಇದೆ. ನನಗೆ ಇರುವುದು ಆ ಲೋಟ.

ನಿನ್ನ ಪತ್ರದಲ್ಲಿ ಒಂದು ಪ್ರಾಸವೂ ಇರಲಿಲ್ಲ. ಐದನೇ ವಯಸ್ಸಿನಲ್ಲಿ ಜ್ವರ ಬಂದು ಮಲಗಿದಾಗಲೂ ನೀನು "ಅಕ್ಕ, ಪಕ್ಕ" ಎಂದು ಗೊಣಗಿದವನು. ಏನಾಗಿದೆ?

ನಾನು ಚೆನ್ನಾಗಿದ್ದೇನೆ. ಈಚೆಗೆ ಊಟ ಅಷ್ಟಾಗಿ ಸೇರುವುದಿಲ್ಲ. ಸೆಕೆ ಇರಬೇಕು.

ಅಕ್ಕ


ಮೇ 4

ಅಕ್ಕ,

ತಡವಾಯಿತು. ಇಲಿಗಳಿಗೆ ಇಪ್ಪತ್ತೆಂಟು ದಿನ ಬೇಕು, ನಾನು ಬೇಡಿಕೊಂಡರೂ ಇಪ್ಪತ್ತೇಳಕ್ಕೆ ಮುಗಿಸುವುದಿಲ್ಲ.

ನಮ್ಮ ನಿಯಮದ ಪ್ರಕಾರ ಪರೀಕ್ಷೆ ಮಾಡುವುದು ಗಿರಾಕಿ ಕುಡಿಯುವ ಪ್ರಮಾಣಕ್ಕೆ. ಮಾಡಿದವರು ಎಷ್ಟು ಕುಡಿಯುತ್ತಾರೆ ಎಂದು ಯಾವ ನಿಯಮವೂ ಕೇಳುವುದಿಲ್ಲ, ಯಾಕೆಂದರೆ ಮಾಡಿದವರು ಕುಡಿಯುತ್ತಾರೆ ಎಂದು ಯಾರಿಗೂ ಹೊಳೆದಿಲ್ಲ. ನಿನ್ನ ಪತ್ರ ತೋರಿಸಿ, ದೊಡ್ಡಮೇಡಂಗೆ ಹೇಳಿ ಇನ್ನೊಂದು ಗುಂಪು ಸೇರಿಸುವಂತೆ ಮಾಡಿದೆ. ಕಡತದಲ್ಲಿ ಅದರ ಹೆಸರು "ಅಧಿಕ ಪ್ರಮಾಣ". ಮೀನಮ್ಮ ಕರೆಯುವುದು ಲೋಟದ ಗುಂಪು ಎಂದು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಗಿರಾಕಿಯ ಪ್ರಮಾಣ ಕುಡಿದ ಇಲಿಗಳಿಗೂ ಬರೀ ನೀರು ಕುಡಿದವಕ್ಕೂ ವ್ಯತ್ಯಾಸ ಕಾಣಲಿಲ್ಲ. ದರ್ಜಿಯಮ್ಮನಿಗೆ ಹೇಳು. ಇಲಿ ಮನುಷ್ಯನಲ್ಲ, ಇಪ್ಪತ್ತೆಂಟು ದಿನ ಒಂದು ಆಯುಷ್ಯವಲ್ಲ, ಆದರೂ ಇದು ಒಳ್ಳೆಯ ಸುದ್ದಿಯೇ.

ಲೋಟದ ಗುಂಪು ಎರಡನೇ ವಾರದಿಂದ ಊಟ ಕಡಿಮೆ ಮಾಡಿತು. ಕೊನೆಗೆ ನೋಡಿದಾಗ ಹನ್ನೆರಡರಲ್ಲಿ ಒಂಬತ್ತರ ಲಿವರ್ ಗಟ್ಟಿಯಾಗಲು ಶುರುವಾಗಿತ್ತು. ನಾಲ್ಕು ಪದಾರ್ಥಗಳನ್ನೂ ಹೊರಗಿಂದ ತರಿಸಿ, ಮೀನಮ್ಮ ಬೇರೆಬೇರೆಯಾಗಿ ತಮ್ಮ ಮರಿಗಳ ಮೇಲೆ ನೋಡಿದರು. ಬೇರು ನಿರಪರಾಧಿ. ತೊಗಟೆ ನಿರಪರಾಧಿ. ಮೆಣಸು ಮೆಣಸೇ. ಒರಟೆಲೆ ಒಂದೇ. ಅದರಲ್ಲಿರುವ ವಿಷ ಸ್ವಲ್ಪ. ಅದು ಜಗಳ ಆಡುವುದಿಲ್ಲ, ವಾಂತಿ ಮಾಡಿಸುವುದಿಲ್ಲ, ಮಧ್ಯಾಹ್ನದವರೆಗೆ ಕಾದರೂ ಮುಖ ತೋರಿಸುವುದಿಲ್ಲ. ಸುಮ್ಮನೆ ಲಿವರಿನಲ್ಲಿ ಒಂದೊಂದೇ ಗೆರೆ ಎಳೆದು ಹೋಗುತ್ತದೆ. ಗಿರಾಕಿ ವರ್ಷಕ್ಕೆ ಒಂದೋ ಎರಡೋ ಸೀಸೆ ಕುಡಿಯುತ್ತಾನೆ, ಅದೂ ಚಮಚದಲ್ಲಿ. ಅಪ್ಪ ವರ್ಷಕ್ಕೆ ಐವತ್ತು ಸೀಸೆ ಕುಡಿದರು. ಮೂವತ್ತೊಂದು ವರ್ಷ. ಆಸ್ಪತ್ರೆಯಿಂದ ಬಂದ ಮೇಲಿನ ಎರಡು ವರ್ಷವೂ ಅದರಲ್ಲಿ ಸೇರಿದೆ.

ಯಾರಿಗೂ ಕೆಡುಕಾಗಬಾರದು ಎಂದು ಮಾಡಿದ ಪರೀಕ್ಷೆಯಿಂದ ಕೆಡುಕಾದದ್ದು ಪರೀಕ್ಷೆ ಮಾಡಿದವರಿಗೆ.

ನೀನು ಕೇಳುವ ಮುಂಚೆ ಹೇಳುತ್ತೇನೆ: ಅಪ್ಪ ಕುಡುಕರಲ್ಲ. ಡಾಕ್ಟರು ತಪ್ಪು ಬರೆದರು. ನಾನು ಅದನ್ನು ನಂಬಿದೆ.

ಅಪ್ಪನ ಮಾತು ಆಯಿತು. ನೀನು ಆರು ವರ್ಷದಿಂದ, ಮುನ್ನೂರು ಲೋಟ. ಊಟ ಸೇರುವುದಿಲ್ಲ ಎಂದು ಬರೆದಿದ್ದೀ. ಅದು ಸೆಕೆಯಲ್ಲ ಅಕ್ಕ. ನಾಳೆಯೇ ಹೋಗಿ ರಕ್ತ ಪರೀಕ್ಷೆ ಮಾಡಿಸು. ಲಿವರ್ ಪರೀಕ್ಷೆ ಎಂದು ಹೇಳಿದರೆ ಸಾಕು. ನಾನು ಹೇಳುತ್ತಿದ್ದೇನೆ ಎಂದು ಬೇಡ, ಆ ಒಂಬತ್ತು ಇಲಿಗಳು ಹೇಳುತ್ತಿವೆ ಎಂದು ತಿಳಿದುಕೋ. ಲೋಟ ಕೆಳಗಿಡು.

ತಮ್ಮ


ಮೇ 30

ತಮ್ಮ,

ನಿನ್ನ ಪತ್ರ ಓದಿ ಮೂರು ದಿನ ಅಂಗಡಿ ತೆರೆಯಲಿಲ್ಲ. ಬೀದಿಯವರು ನೋಟೀಸಿನವರು ಬಂದು ಮುಚ್ಚಿಸಿದರು ಎಂದುಕೊಂಡರು. ದರ್ಜಿಯಮ್ಮ ಬಾಗಿಲು ಬಡಿದು, "ಬದುಕಿದ್ದೀಯೇನೇ? ಇದ್ರೆ ಒಂದು ಸೀಸೆ ಕೊಟ್ಟು ಸಾಯಿ!" ಎಂದು ಕೂಗಿದಳು. ಅದನ್ನು ಕೇಳಿ ಎದ್ದೆ.

ಮೊದಲು ಮಾಡಿದ್ದು, ಆಸ್ಪತ್ರೆಯ ಕಾಗದ ತೆಗೆದು, ಅದರ ಪಕ್ಕ ನಿನ್ನ ಪತ್ರ ಇಟ್ಟು, ಎರಡನ್ನೂ ಅಪ್ಪನ ಕುರ್ಚಿಯ ಮೇಲೆ ಇಟ್ಟದ್ದು. ಯಾಕೆ ಎಂದು ಕೇಳಬೇಡ. ಓದಲಿ ಎಂದು.

ಎರಡನೆಯದು, ಒರಟೆಲೆ ಗಿಡಗಳನ್ನೆಲ್ಲ ಕಿತ್ತೆ. ನೀಲಿ ಹೂ ತುಂಬ ಬಿಟ್ಟಿತ್ತು. ಪಾಪ ಅನ್ನಿಸಿತು. ಅದಕ್ಕೇನು ಗೊತ್ತು? ಎಲೆ ಇಲ್ಲದೆ ಹೊಸ ಕಷಾಯ ಮಾಡಿದೆ. ಬಣ್ಣ ಕಟ್ಟಲಿಲ್ಲ, ಗಂಟಲಿಗೆ ಗೀರುತ್ತದೆ. ಡ್ರೈವರ್ ಕುಡಿದು, "ಅಕ್ಕಾ, ಇದು ಮೊದಲಿಗಿಂತ ಕೆಟ್ಟದಾಗಿದೆ, ಖಂಡಿತ ಗುಣ ಆಗುತ್ತೆ" ಎಂದ. ಅದರ ಮೂರು ಸೀಸೆ ಬೇರೆ ಕಳಿಸುತ್ತಿದ್ದೇನೆ. ಅದಕ್ಕೂ ಒಂದು ನಂಬರು ಹಾಕಿಸು.

ಮೂರನೆಯದು ಲೋಟ. ಬಹಳ ಯೋಚನೆ ಮಾಡಿದೆ. ನಾನು ಕುಡಿಯದ್ದನ್ನು ಕೊಡಲಾರೆ, ಅದನ್ನು ಬಿಡೆಂದು ನೀನೂ ಹೇಳಬೇಡ. ಆದರೆ ಗಿರಾಕಿಗೆ ಚಮಚ ಕೊಟ್ಟು ನಾನು ಲೋಟ ಕುಡಿಯಬೇಕೆಂದು ಎಲ್ಲಿದೆ? ಈಗ ಅಂಗಡಿಯ ಮುಂದಿನ ಕಟ್ಟೆಯ ಮೇಲೆ, ಬಾಗಿಲು ತೆಗೆದಿಟ್ಟು, ಎಲ್ಲರ ಎದುರಿಗೇ ಎರಡು ಚಮಚ ಕುಡಿಯುತ್ತೇನೆ. ಮುಖ ಹೇಗಾಗುತ್ತದೋ ನೋಡಿಕೊಳ್ಳಲಿ. ಮೊದಲ ದಿನ ಎಲ್ಲರೂ ನಕ್ಕರು. ಯಾರೂ ಕೊಳ್ಳದೆ ಹೋಗಲಿಲ್ಲ. ಈ ವಿಷಯದಲ್ಲಿ ಅಪ್ಪನ ಲೆಕ್ಕ ತಪ್ಪು.

ರಕ್ತ ಪರೀಕ್ಷೆ ಆಯಿತು. ಲಕೋಟೆ ಇದರ ಜೊತೆಗಿದೆ. ಒಡೆದಿಲ್ಲ. ನೀನು ಓದಿ ಹೇಳು. ನೀನಾದರೆ ಹೇಗೆ ಹೇಳಬೇಕೋ ಹಾಗೆ ಹೇಳುತ್ತೀ.

ಇನ್ನು ನಿನ್ನ ವಿಷಯ. ಆರು ವರ್ಷ ನಿನ್ನ ಮೇಲೆ ಕತ್ತಿ ಮಸೆದೆ. ಈಗ ನೋಡಿದರೆ ನಿನ್ನದೇನು ತಪ್ಪು? ಓದಿದವರು ಬರೆದದ್ದನ್ನು ಓದಿದವನು ನಂಬಿದೆ. ನಾನು ಬೈಯಬೇಕಾದದ್ದು ಆ ಡಾಕ್ಟರನ್ನು. ಏನೂ ಕೇಳದೆ, ಹುಡುಕದೆ, ಮರ್ಯಾದಸ್ಥರ ಹಣೆಯ ಮೇಲೆ ಕುಡುಕ ಎಂದು ಬರೆದುಬಿಟ್ಟನಲ್ಲ! ಅವನಿಗೊಂದು ಕಾಗದ ಬರೆಯುತ್ತಿದ್ದೇನೆ. ನಾಲ್ಕು ಹಾಳೆ ಆಗಿದೆ, ಇನ್ನೂ ಕೋಪ ಉಳಿದಿದೆ. ನೀನು ನಿಮ್ಮ ಪ್ರಯೋಗಾಲಯದ ಮುದ್ರೆ ಹಾಕಿ, ಅಪ್ಪ ಕುಡಿಯುತ್ತಿರಲಿಲ್ಲ ಎಂದು ಒಂದು ಪತ್ರ ಕೊಡು. ಅದರ ಜೊತೆ ಲಗತ್ತಿಸಿ ಕಳಿಸುತ್ತೇನೆ.

ಲವಂಗದ ವಿಷಯ ಹೇಗೆ ಗೊತ್ತು ಎಂದು ಕೇಳಿದ್ದೆ. ನೀನು ಹೇಳಲಿಲ್ಲ.

ದನಿಯ ಮೇಲಿನ ನಿಷೇಧ ತೆಗೆದಿದ್ದೇನೆ. ಫೋನ್ ಮಾಡು. ನಂಬರು ಅದೇ.

ನಿನ್ನ ಅಕ್ಕ


ಜೂನ್ 12

ಸನ್ಮಾನ್ಯ ಅಧ್ಯಕ್ಷರೇ, ಪಾತ್ರೆಯೇ, ಒರಳೇ, ಒನಕೆಯೇ, ಕಟ್ಟೆಯ ಮೇಲೆ ಹೊಸದಾಗಿ ಪದಗ್ರಹಣ ಮಾಡಿರುವ ಚಮಚವೇ,

ಸಭೆ ಮುಗಿಯುವ ಹೊತ್ತಾಯಿತು. ವಂದನಾರ್ಪಣೆಯ ಭಾರ ನನ್ನ ಮೇಲೆ ಬಿದ್ದಿದೆ.

ಮೊದಲಿಗೆ ಲಕೋಟೆ. ಒಡೆದು ಓದಿದೆ. ಇಲ್ಲಿಯ ಲಿವರ್ ಡಾಕ್ಟರ ಹತ್ತಿರ ಒಯ್ದು ತೋರಿಸಿದೆ. ಎರಡು ಅಂಕಿಗಳು ಇರಬೇಕಾದದ್ದಕ್ಕಿಂತ ಎರಡು ಪಟ್ಟು ಹತ್ತಿವೆ. ಸ್ಕ್ಯಾನ್ ಮಾಡಿಸಬೇಕು, ಮೂರು ತಿಂಗಳಿಗೊಮ್ಮೆ ರಕ್ತ ನೋಡಿಸಬೇಕು. "ಈಗ ನಿಲ್ಲಿಸಿದ್ದು ಒಳ್ಳೇದಾಯ್ತು, ಇಳಿಯೋ ಸಾಧ್ಯತೆ ಇದೆ. ಇನ್ನೂ ಹತ್ತು ವರ್ಷ ಬಿಟ್ಟು ಬಂದಿದ್ರೆ ನಾನು ಹೀಗೆ ಕೂತು ಮಾತಾಡ್ತಿರಲಿಲ್ಲ" ಎಂದರು. ಹೇಗೆ ಹೇಳಬೇಕೋ ಹಾಗೆ ಹೇಳುತ್ತೀ ಎಂದೆಯಲ್ಲ, ಇದರಲ್ಲಿ ಸಕ್ಕರೆ ಹಾಕಿಲ್ಲ, ನೀರೂ ಬೆರೆಸಿಲ್ಲ.

ಹೊಸ ಸೀಸೆಗೆ ಇನ್ನೂರ ಐವತ್ತೇಳು. ಬಣ್ಣ ಕಟ್ಟದಿದ್ದರೂ ಮೀನಮ್ಮನ ಮೂಗು ಅದೇ ರೀತಿ ಮುಚ್ಚಿಕೊಂಡಿತು. ಜುಲೈ ಒಳಗೆ ಪತ್ರ ಸಿಗುತ್ತದೆ ಎಂದು ದೊಡ್ಡಮೇಡಂ ಹೇಳಿದ್ದಾರೆ. ಅಂಗಡಿ ಮುಚ್ಚುವುದಿಲ್ಲ. ಬಾಗಿಲ ಮೇಲಿನ ಪದ್ಯಕ್ಕೂ ಒಂದು ತಿದ್ದುಪಡಿ ಸೂಚಿಸುತ್ತೇನೆ:

ಚಮಚದ ಕಹಿಗೆ ಕೆಮ್ಮದು ಓಟ,
ಸಮಚಿತ್ತದಿ ಕೆಳಗಿಡು ಅಕ್ಕ ಲೋಟ.

ಛಂದಸ್ಸು ಕುಂಟುತ್ತದೆ. ಬರೆದವನೂ ಕುಂಟುತ್ತಿದ್ದಾನೆ.

ಮೂರು ಸಲ ಫೋನ್ ಕೈಗೆತ್ತಿಕೊಂಡೆ. ಆರು ವರ್ಷ ಕಾದದ್ದು ಅದಕ್ಕೇ. ಒತ್ತಲು ಆಗಲಿಲ್ಲ. ಸಭಿಕರೇ, ವಂದನಾರ್ಪಣೆಯಲ್ಲಿ ಎಲ್ಲರನ್ನೂ ನೆನೆಯಬೇಕು, ಆ ಡಾಕ್ಟರನ್ನೂ ನೆನೆಯಬೇಕು. ಅವರು

ಅಕ್ಕ, ಭಾಷಣ ಸಾಕು.

ಆ ನಾಲ್ಕು ಹಾಳೆ ಕಳಿಸಬೇಡ. ಹರಿದುಹಾಕು.

ನನಗೆ ಹತ್ತು ವರ್ಷ. ಹಿಂದಿನ ಕೋಣೆಯ ಬಾಗಿಲ ಸಂದಿಯಿಂದ ನೋಡಿದ್ದೆ. ಅಪ್ಪ ಗೋಡೆಗೆ ಮುಖ ಮಾಡಿ ಗಾಜಿನ ಲೋಟದಲ್ಲಿ ಕಂದು ಬಣ್ಣದ್ದೇನನ್ನೋ ಒಂದೇ ಉಸಿರಿಗೆ ಕುಡಿದರು. ಮುಖ ಕಿವುಚಿದರು. ಬಾಯಿ ಮುಕ್ಕಳಿಸಿದರು. ಗೂಡಿನಿಂದ ಲವಂಗ ತೆಗೆದು ಹಾಕಿಕೊಂಡು, ಬಾಗಿಲು ತೆಗೆದು, ಏನೂ ಆಗದವರ ಹಾಗೆ ಹೊರಗೆ ಬಂದರು. ನನ್ನ ಕ್ಲಾಸಿನ ಒಬ್ಬನ ಅಪ್ಪನೂ ಹೀಗೇ ಲವಂಗ ಜಗಿಯುತ್ತಿದ್ದರು. ಅವರು ಯಾಕೆ ಜಗಿಯುತ್ತಿದ್ದರು ಎಂದು ಇಡೀ ಶಾಲೆಗೆ ಗೊತ್ತಿತ್ತು. ಅಂದಿನಿಂದ ನಾನು ಅಪ್ಪನ ಗುಟ್ಟು ಕಾಪಾಡಿದೆ. ನಿನಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ನಾನು ಒಳ್ಳೆಯ ಮಗ ಎಂದುಕೊಂಡಿದ್ದೆ.

ಆ ಡಾಕ್ಟರು ಏನೂ ಕೇಳಲಿಲ್ಲ ಎಂದು ಬರೆದಿದ್ದೀ. ಕೇಳಿದರು. ಕುಡಿತದ ಮಾತು ಅವರು ಎತ್ತಲೇ ಇಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಇವರು ಸೊಪ್ಪು, ಬೇರು, ಕಷಾಯ ಅಂತ ಏನಾದ್ರೂ ಕುಡೀತಿದ್ರಾ? ಸರಿಯಾಗಿ ಯೋಚನೆ ಮಾಡಿ ಹೇಳಿ" ಎಂದರು. ಸೊಪ್ಪು ಬೇರುಗಳ ಕೆಡುಕು ಹುಡುಕಿ ಸಂಬಳ ತೆಗೆದುಕೊಳ್ಳುವ ನಾನು ಯೋಚನೆ ಮಾಡಲಿಲ್ಲ. "ಇಲ್ಲ ಡಾಕ್ಟ್ರೇ, ಕಷಾಯ ಬೇರೆಯವರಿಗೆ. ಇವರು ಕುಡಿಯೋದು ಬೇರೆ. ಮೂವತ್ತು ವರ್ಷದಿಂದ. ಮನೇಲಿ ಯಾರಿಗೂ ಗೊತ್ತಿಲ್ಲ" ಎಂದೆ.

ಅವರು ಬರೆದುಕೊಂಡರು.

ತಮ್ಮ